ಸೋಫಾದ ಮೇಲೆ ಕೂತ ಕೋಚ್

ಕೋಚ್ ಆಗಿದ್ದಷ್ಟು ಕಾಲ ನನಗೆ ಕುರ್ಚಿ ಅಂತ ಒಂದಿರಲಿಲ್ಲ. ಡೊಂಬಿವಲಿಯ ನಮ್ಮ ಕನ್ನಡ ಹೈಸ್ಕೂಲಿನ ಮೈದಾನದಲ್ಲಿ ಸೀಟಿ ಕಚ್ಚಿಕೊಂಡು ನಿಂತೇ ಇರುತ್ತಿದ್ದೆ. ಉಡುಪಿಯಿಂದ ಬಂದು ಮುಂಬೈ ಪಕ್ಕದ ಠಾಣೆ ನಗರದಲ್ಲಿ ಹೋಟೆಲ್ ಇಟ್ಟ ಮಾವಂದಿರು, "ಗಲ್ಲಾಪೆಟ್ಟಿಗೆ ಮುಂದೆ ತಣ್ಣಗೆ ಕೂರುವುದು ಬಿಟ್ಟು ಬಿಸಿಲಲ್ಲಿ ಮಕ್ಕಳನ್ನು ಓಡಿಸ್ತಾನೆ ಮಾರಾಯ" ಎಂದು ನಗುತ್ತಿದ್ದರು. ನಗಲಿ ಬಿಡಿ. ಖೋ-ಖೋ ಕಲಿಸುವುದೊಂದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಮ್ಮ ತಂಡಕ್ಕೊಂದು ಪದ್ಧತಿ ಇತ್ತು. ಓಡುವವಳಿಗೆ ತನ್ನ ಬೆನ್ನ ಹಿಂದೆ ಯಾರು ಖೋ ಪಡೆದು ಎದ್ದರು ಎನ್ನುವುದು ಕಾಣುವುದಿಲ್ಲ. ಅದನ್ನು ನಾನು ಗೆರೆಯಾಚೆಯಿಂದ ಕನ್ನಡದಲ್ಲಿ ಕೂಗಿ ಹೇಳುತ್ತಿದ್ದೆ: "ಹಿಂದೆ ಎದ್ಲು, ಬಲಕ್ಕೆ ತಿರುಗು, ಕಂಬಕ್ಕೆ ಹೋಗು." ಎದುರು ತಂಡದ ಮರಾಠಿ ಹುಡುಗಿಯರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಏನು ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುವ ನಮ್ಮ ಹುಡುಗಿಯರು ಕೂಡ ಆ ಕೂಗಿಗೆ ಮಾತ್ರ ಕಿವಿಗೊಟ್ಟು ಓಡುತ್ತಿದ್ದರು. ಬೇರೆ ಶಾಲೆಯ ಕೋಚುಗಳು ಅಂಪೈರಿಗೆ ದೂರು ಕೊಟ್ಟದ್ದೂ ಉಂಟು. ಯಾವ ಭಾಷೆಯಲ್ಲಿ ಕೂಗಬೇಕು ಅಂತ ನಿಯಮ ಎಲ್ಲಿದೆ ತೋರಿಸಿ ಎಂದು ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಆಮೇಲೆ ನಮ್ಮ ಶಾಲೆ ನಡೆಸುವ ಸಂಸ್ಥೆ ಬೆಳೆಯಿತು. ಘೋಡಬಂದರ್ ರಸ್ತೆಯಲ್ಲೊಂದು ಇಂಗ್ಲಿಷ್ ಶಾಲೆ, ನವಿ ಮುಂಬೈಯಲ್ಲಿ ಇನ್ನೊಂದು. ಎಲ್ಲಕ್ಕೂ ಸೇರಿ ಒಬ್ಬ ಕ್ರೀಡಾ ನಿರ್ದೇಶಕ ಬೇಕೆಂದರು, ನನ್ನನ್ನೇ ಮಾಡಿದರು. ಆಗಲೇ ಮೊಣಕಾಲು ಕೈಕೊಡುತ್ತಿತ್ತು, ಹೆಂಡತಿಗೂ ಖುಷಿಯಾಯಿತು. ಎಸಿ ಕ್ಯಾಬಿನ್ನಿನಲ್ಲಿ ಕೂತು ಬಸ್ಸು, ಮ್ಯಾಟು, ಟರ್ಫ್ ಬುಕಿಂಗು ಅಂತ ಫೋನಿನಲ್ಲಿ ಗಂಟಲು ಹರಿದುಕೊಳ್ಳುವುದೇ ಕೆಲಸ. ಡೊಂಬಿವಲಿಯಲ್ಲಿ ನನ್ನ ಜಾಗಕ್ಕೆ ಕಲ್ಯಾಣದ ಒಬ್ಬ ಮರಾಠಿ ತರುಣ ಬಂದ. ಒಳ್ಳೆಯವನೇ, ಪಾಪ. ಕನ್ನಡ ಮಾತ್ರ ಬಾರದು.

ನಾನು ಬಿಟ್ಟು ಬಂದ ತಂಡದಲ್ಲಿ ಕಲಬುರಗಿ ಕಡೆಯ ಒಬ್ಬ ಹುಡುಗಿ ಇದ್ದಳು, ಹತ್ತನೆಯ ಕ್ಲಾಸು. ಅಪ್ಪ ಅಮ್ಮ ಇಬ್ಬರಿಗೂ ಕಲ್ಯಾಣ್-ಶಿಳ್ ರಸ್ತೆಯ ಕಟ್ಟಡಗಳಲ್ಲಿ ಕೂಲಿ. ಕಟ್ಟಡ ಮುಗಿದರೆ ತಗಡಿನ ಶೆಡ್ಡು ಬಿಚ್ಚಿಕೊಂಡು ಮುಂದಿನ ಕೆಲಸ ಹುಡುಕಿ ಹೋಗುವ ಜನ. ಅವಳಿಗೆ ಜಿಲ್ಲಾ ತಂಡದಲ್ಲಿ ಜಾಗ ಸಿಕ್ಕರೆ ಕ್ರೀಡಾ ಹಾಸ್ಟೆಲಿನಲ್ಲಿ ಊಟ, ವಸತಿ, ಮುಂದಿನ ಓದು. ಸಿಗದಿದ್ದರೆ ಅಪ್ಪನ ಜೊತೆ ದುಡಿಮೆಗೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಜಿಲ್ಲಾ ತಂಡದ ಆಯ್ಕೆಗಾರರು ನೋಡಲು ಬಂದ ಅಂತರಶಾಲಾ ಟೂರ್ನಿಯ ಫೈನಲ್ ಠಾಣೆಯಲ್ಲಿ ನಡೆಯಿತು. ನನ್ನ ಹಣೆಬರಹ ನೋಡಿ, ಫೈನಲಿಗೆ ಬಂದವು ನಮ್ಮವೇ ಎರಡು ಶಾಲೆಗಳು, ಡೊಂಬಿವಲಿ ಮತ್ತು ಘೋಡಬಂದರ್. ಎರಡಕ್ಕೂ ನಾನೇ ನಿರ್ದೇಶಕ. ಶಾಲು ಹೊದಿಸಿ, ಕೈಗೆ ಹೂಗುಚ್ಛ ಕೊಟ್ಟು, ಶಾಮಿಯಾನದ ಸೋಫಾದಲ್ಲಿ ಟ್ರಸ್ಟಿಗಳ ನಡುವೆ ಕೂರಿಸಿದರು. "ಸರ್, ಆಜ್ ಆಪ್ ನ್ಯೂಟ್ರಲ್ ಹೈಂ," ಎಂದು ಪಕ್ಕದ ಟ್ರಸ್ಟಿ ನಕ್ಕರು. ಇವತ್ತು ನಾನು ಯಾರ ಕಡೆಯವನೂ ಅಲ್ಲವಂತೆ. ಆ ಸೆಕೆಯಲ್ಲಿ, ಆ ಶಾಲಿನೊಳಗೆ ನನಗೆ ಉಸಿರು ಕಟ್ಟುತ್ತಿತ್ತು.

ಕೊನೆಯ ಪಾಳಿಯಲ್ಲಿ ಡೊಂಬಿವಲಿಯ ಕಡೆಯಿಂದ ಉಳಿದವಳು ಆ ಕಲಬುರಗಿಯ ಹುಡುಗಿಯೊಬ್ಬಳೇ. ಸೀಟಿ ಊದುವವರೆಗೆ ಸಿಗದೆ ಓಡಿದರೆ ಗೆಲುವು ಅವರದು. ಎಷ್ಟು ಚಂದ ಓಡಿದಳೆಂದರೆ ಟ್ರಸ್ಟಿಗಳು ಚಹಾ ಕುಡಿಯುವುದನ್ನೇ ಮರೆತರು. ಹೊಸ ಕೋಚ್ ಗೆರೆಯ ಬಳಿ ನಿಂತು ಮರಾಠಿಯಲ್ಲಿ ಅರಚುತ್ತಿದ್ದ. ಅವನು ಹೇಳಿದ್ದು ಅವಳಿಗಿಂತ ಮೊದಲು ಅವಳನ್ನು ಅಟ್ಟಿಸಿಕೊಂಡು ಬರುವವರಿಗೇ ತಿಳಿಯುತ್ತಿತ್ತು. ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಒಬ್ಬಳು ಖೋ ಪಡೆದು ಎದ್ದಳು. ನನಗೆ ಕಂಡಿತು, ಅವಳಿಗೆ ಕಾಣಲಿಲ್ಲ. ಅವಳು ಕತ್ತು ತಿರುಗಿಸಿ ಶಾಮಿಯಾನದ ಕಡೆ, ನೇರ ನನ್ನ ಮುಖವನ್ನೇ ನೋಡಿದಳು. "ಬಲಕ್ಕೆ" ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎದುರು ತಂಡದವರೂ ನನ್ನ ಶಾಲೆಯ ಮಕ್ಕಳೇ. ಹೂಗುಚ್ಛ ಹಿಡಿದುಕೊಂಡು ಕಲ್ಲಿನ ಹಾಗೆ ಕೂತಿದ್ದೆ. ಅವಳ ಬೆನ್ನಿಗೆ ಕೈ ಬಿತ್ತು.

ಆಟದ ನಡುವೆ ಅತ್ತಿತ್ತ ನೋಡುವ ಹುಡುಗಿ, ಏಕಾಗ್ರತೆ ಸಾಲದು ಎಂದು ಆಯ್ಕೆಗಾರರು ಅವಳನ್ನು ಕೈಬಿಟ್ಟರು. ಅವರ ಹಿಂದೆ ಹಿಂದೆ ಹೋಗಿ ಅಂಗಲಾಚಿದೆ. "ನೀವು ನಿರ್ದೇಶಕರು ಸರ್. ಒಬ್ಬಳ ಪರ ಹೀಗೆ ಮಾತಾಡಿದರೆ ಉಳಿದ ಮಕ್ಕಳ ತಂದೆತಾಯಿ ಸುಮ್ಮನಿರ್ತಾರಾ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ತೀರಿಸಿಕೊಳ್ಳಲಿ? ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಪರೀಕ್ಷೆ ಮುಗಿದ ಮೇಲೆ ಸೈಟಿಗೆ ಹೋದೆ. ಅವಳಪ್ಪ ಶೆಡ್ಡಿನ ತಗಡು ಇಳಿಸುತ್ತಿದ್ದ. "ಭಿವಂಡಿ ಗೋಡೌನಿನ್ಯಾಗ ಪ್ಯಾಕಿಂಗ್ ಕೆಲ್ಸ ಐತ್ರಿ. ಆಕಿನೂ ಬರ್ತಾಳ," ಎಂದ. ನನ್ನ ಮುಖ ನೋಡಿ, "ನೀವು ಮನಸಿಗಿ ಹಚ್ಕೋಬ್ಯಾಡ್ರಿ ಸರ," ಎಂದು ನನಗೇ ಸಮಾಧಾನ ಹೇಳಿದ.

ಹುಡುಗಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅವತ್ತು ನಿನ್ನ ಪಾಡಿಗೆ ನೀನು ಓಡಬಾರದಿತ್ತಾ, ನನ್ನ ಕಡೆ ಯಾಕೆ ನೋಡಿದೆ ಎಂದು ತಡೆಯಲಾರದೆ ಕೇಳಿಯೇಬಿಟ್ಟೆ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಹಿಂದ ಯಾರೋ ಎದ್ದಂಗಾತ್ರಿ ಸರ. ನೀವು ಇದ್ದಿರಲ್ರಿ, ಹೇಳ್ತೀರಿ ಅಂತ ನೋಡ್ದೆ."