ತೆರೆಯ ಮೇಲೆ ಜೈತೂನಬಿಯ ಕೈ

ಜೈತೂನಬಿ ಶೈಲಾ ಅಕ್ಕೋರನ್ನು ಮೊದಲ ಸಲ ನೋಡಿದ್ದು 2006ರ ಜನವರಿಯಲ್ಲಿ, ಬ್ಯಾಡಗಿಯ ಅಂದಾನೆಪ್ಪ ಸಾವುಕಾರರ ಗೋದಾಮಿನ ಹಿಂದಿನ ಅಂಗಳದಲ್ಲಿ. ಬೆಳಗಿನ ಹತ್ತು ಗಂಟೆಯಿರಬೇಕು. ಸಾವುಕಾರರು ಮಾರುಕಟ್ಟೆಗೆ ಹೋಗಿದ್ದರು. ಇಪ್ಪತ್ತು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಬೂದು ಬಣ್ಣದ ಸೀರೆಯುಟ್ಟು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡ ತೆಳ್ಳಗಿನ ಹೆಣ್ಣುಮಗಳೊಬ್ಬರು ಬಾಗಿಲಲ್ಲಿ ಬಂದು ನಿಂತು, ಮಾತಾಡುವ ಮೊದಲೇ ಏಳು ಸಲ ಸೀನಿದರು. ಹೆಂಗಸರು ಎಣಿಸಿ ನಕ್ಕರು. ಅವರು ಹಾವೇರಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಕಾಯಿಗೆ ಹಿಡಿಯುವ ಬೂಷ್ಟಿನ ಮೇಲೆ ಸಂಶೋಧನೆ ನಡೆಸಿದ್ದರು. ಜೈತೂನಬಿಯ ಎದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತರು.

"ಯವ್ವಾ, ಒಣಗಿದ ಕಾಯಿ ಇಷ್ಟು ಮೆತ್ತಗ ಯಾಕ ಅದಾವು?"

ಜೈತೂನಬಿ ಒಮ್ಮೆ ಬಾಗಿಲ ಕಡೆ ನೋಡಿದಳು. "ನೀರು ಹೊಡದೇವ್ರಿ ಅಕ್ಕೋರ. ಇಲ್ಲಂದ್ರ ತೊಟ್ಟು ತಗಿಯೂವಾಗ ಪುಡಿ ಆಗತಾವ."

ನೀರಿನಿಂದ ತೂಕವೂ ಏರುತ್ತದೆಂದು ಅವಳು ಹೇಳಲಿಲ್ಲ. ಹತ್ತು ವರ್ಷದಿಂದ ಆ ಅಂಗಳದಲ್ಲಿ ನೀರು ಚಿಮುಕಿಸುವ ಕೆಲಸ ಅವಳದೇ.

"ಒಳಗ ಬೂಷ್ಟು ಹಿಡದದ್ದು ಹೆಂಗ ಗೊತ್ತಾಗತೈತಿ?"

ಅವಳು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬೀಜ ಗಲಗಲ ಎಂದರೆ ಒಳ್ಳೆಯದು, ಸಪ್ಪಳವಿಲ್ಲದಿದ್ದರೆ ಕೆಟ್ಟದ್ದು.

"ಕಾಯಿ ಮಾತು ಕೇಳತಾಳ್ರಿ ಈಕಿ, ಗಂಡನ ಮಾತೊಂದು ಕೇಳೂದಿಲ್ಲ," ಎಂದಳು ಪಕ್ಕದಲ್ಲಿದ್ದ ರೇಣುಕವ್ವ.

ಸಪ್ಪಳವಿಲ್ಲದ ಎರಡು ಬೊಗಸೆ ಕಾಯಿಗಳನ್ನು ಆರಿಸಿ ಜೈತೂನಬಿ ಅವರ ಚೀಲಕ್ಕೆ ಹಾಕಿದಳು. ಅಕ್ಕೋರು ಅವಳ ಕೈಯ ಫೋಟೊ ತೆಗೆದರು. ಆಗ ಅವಳಿಗೆ ಹೆದರಿಕೆ ಹುಟ್ಟಿತು. ಹಮಾಲಿ ಮಾಡುತ್ತಿದ್ದ ಗಂಡ ಮೌಲಾಸಾಬ ಸೊಂಟ ಮುರಿದುಕೊಂಡು ಮನೆ ಹಿಡಿದಿದ್ದ.

"ಮಾರಿ ತಗೀಬ್ಯಾಡ್ರಿ, ಹೆಸರೂ ಬರೀಬ್ಯಾಡ್ರಿ. ಈ ಕೆಲಸ ಹೋತಂದ್ರ ನನ್ನ ಒಲಿ ಹತ್ತೂದಿಲ್ಲ."

"ಖರೇನ ಹೇಳತೇನಿ, ಯಾರಿಗೂ ಗೊತ್ತಾಗೂದಿಲ್ಲ."

ಮರುವರ್ಷ ಆ ಕಾಲೇಜಿನವರು ತಮ್ಮ ಸಂಶೋಧನೆಗಳನ್ನು ಜನರಿಗೆ ತಿಳಿಸಲು ಊರೂರು ಹೊರಟರು. ಮೊದಲು ಬ್ಯಾಡಗಿ, ಮುಂದಿನ ವಾರ ರಾಣೆಬೆನ್ನೂರು. ಬ್ಯಾಡಗಿಯ ಸಮುದಾಯ ಭವನದಲ್ಲಿ ರೈತರು, ವರ್ತಕರು ತುಂಬಿದ್ದರು. ಅಂದಾನೆಪ್ಪ ಸಾವುಕಾರರಿಗೆ ಹಾರ ಹಾಕಿ ಮುಂದೆ ಕೂರಿಸಿದ್ದರು. ಜೈತೂನಬಿ ಹೆಂಗಸರ ನಡುವೆ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು.

ನೀರು ಹೊಡೆದು ಚೀಲ ತುಂಬಿದರೆ ಕಾಯಿಯೊಳಗೆ ಬೂಷ್ಟು ಬೆಳೆಯುತ್ತದೆ, ಅದರ ವಿಷ ಸಾರು ಕುದಿಸಿದರೂ ಹೋಗುವುದಿಲ್ಲ, ತಿನ್ನುತ್ತ ಹೋದರೆ ಲಿವರಿಗೇ ಪೆಟ್ಟು ಎಂದು ಅಕ್ಕೋರು ಬಿಡಿಸಿ ಹೇಳಿದರು. ಆ ಅಂಗಳದ ಒಡಕು ಕಾಯಿಗಳನ್ನೇ ಜೈತೂನಬಿ ವರ್ಷಗಟ್ಟಲೆ ಮನೆಗೆ ಒಯ್ದು ಖಾರ ಕುಟ್ಟಿದ್ದಳು.

ಅಷ್ಟರಲ್ಲಿ ವೇದಿಕೆಯ ತೆರೆಯ ಮೇಲೆ ಅವಳ ಕೈಯ ಫೋಟೊ ಬಂತು. ಮುಖವಿಲ್ಲ, ಹೆಸರಿಲ್ಲ. ಆದರೆ ಕೈಯ ಹಿಂದೆ ಒಂದು ಚೀಲ, ಚೀಲದ ಮೇಲೆ ನೀಲಿ ನವಿಲು. ಬ್ಯಾಡಗಿಯಲ್ಲಿ ಒಂದೊಂದು ಅಂಗಡಿಯ ಚೀಲಕ್ಕೆ ಒಂದೊಂದು ಗುರುತು. ಓದು ಬಾರದವರಿಗೂ ಅದು ಯಾರದೆಂದು ಗೊತ್ತು. ಹಾವೇರಿಯ ಅಕ್ಕೋರು ಅದನ್ನು ಬರೀ ಚಿತ್ರವೆಂದುಕೊಂಡಿದ್ದರು.

"ನವಿಲು ನಮ್ಮ ಸಾವುಕಾರ್ರದಲ್ಲೇನಲೇ!" ಎಂದು ಯಾರೋ ನಕ್ಕರು.

ಸಾವುಕಾರರು ಹಾರ ತೆಗೆದು ಕುರ್ಚಿಯ ಮೇಲೆ ಒಗೆದರು. "ಹಾರ ಹಾಕಿ ಮಾರಿಗೆ ಮಸಿ ಬಳಿತೀರೇನ್ರಿ? ಯಾರು ಕೊಟ್ಟಾರ ಈ ಕಾಯಿ?"

ಅಕ್ಕೋರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ತಪ್ಪು ನಂದುರಿ. ಗುರುತು ಮುಚ್ಚಬೇಕಿತ್ತು. ಕೊಟ್ಟವರ ಹೆಸರು ಮಾತ್ರ ಹೇಳೂದಿಲ್ಲ."

"ಹೇಳಬ್ಯಾಡ್ರಿ. ನಾಳಿಂದ ಒಬ್ಬ ಹೆಂಗಸೂ ನನ್ನ ಅಂಗಳ ತುಳಿಯೂದು ಬ್ಯಾಡ!"

ರೇಣುಕವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಮಗಳ ಲಗ್ನ ಹತ್ತಿರ ಬಂದಿತ್ತು. ಇಪ್ಪತ್ತು ಮನೆಗಳ ಮಾತು. ಜೈತೂನಬಿ ಮುಂದಿನ ಕುರ್ಚಿ ಹಿಡಿದು ಎದ್ದಳು.

"ನಾನ ಕೊಟ್ಟೇನ್ರಿ ಸಾವುಕಾರ್ರ. ನೀರು ಹೊಡದಾಕಿನೂ ನಾನ. ಇವರನ್ನ ಬಿಡ್ರಿ."

"ನನ್ನ ಅನ್ನ ತಿಂದು..."

"ಅನ್ನದ ಜೋಡಿ ಆ ಖಾರಾನೂ ತಿಂದೇನ್ರಿ," ಎಂದಳು ಜೈತೂನಬಿ.

ಮರುದಿನ ಹತ್ತೊಂಬತ್ತು ಹೆಂಗಸರು ಗೋದಾಮಿಗೆ ಹೋದರು. ಜೈತೂನಬಿ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕುಳಿತಳು. ರಸ್ತೆಯಲ್ಲಿ ಮೋಟರ್‌ಸೈಕಲ್ ನಿಂತರೆ ಸಾಕು, ಸಾವುಕಾರರ ಆಳುಗಳು ಬಂದರೆಂದು ಅಗುಳಿ ಮುಟ್ಟಿ ನೋಡುವಳು. ಕ್ಷಮೆ ಕೇಳಲು ಬಂದ ಅಕ್ಕೋರು, ರಾಣೆಬೆನ್ನೂರಿಗೂ ಬಂದು ಎರಡು ಮಾತು ಹೇಳುತ್ತೀರಾ ಎಂದು ಕೇಳಿದರು.

"ನಾ ಒಲ್ಲೆ ಅಕ್ಕೋರ, ಇನ್ನೂ ಹೆದರಿಕಿ ಹೋಗಿಲ್ಲ. ನೀವ ಹೋಗ್ರಿ. ಚೀಲ ಮುಚ್ಚಿ ತೋರಸ್ರಿ."

ಅಂದು ಭವನದಲ್ಲಿದ್ದ ಮೋಟೆಬೆನ್ನೂರಿನ ರೈತ ಹನುಮಪ್ಪ ಎರಡು ವಾರದ ಮೇಲೆ ಮನೆ ಹುಡುಕಿಕೊಂಡು ಬಂದ. "ಯವ್ವಾ, ನೀರು ಹೊಡೀಲಾರದ ತೊಟ್ಟು ತಗಿಯಾಕ ಬರತೈತೇನು?"

ಬಾಗಿಲನ್ನು ಅರ್ಧವೇ ತೆರೆದು ಅವಳು ಹೇಳಿದಳು: "ನಸುಕಿನ ಇಬ್ಬನಿಗೆ ಕಾಯಿ ತಾವ ಮೆತ್ತಗ ಆಗತಾವ. ಆಗ ತಗದು, ಆಮ್ಯಾಲೆ ಬಿಸಲಿಗೆ ಹಾಕಬೇಕು."

ಈಗ ಜೈತೂನಬಿ ಸುಗ್ಗಿಯ ಮೂರು ತಿಂಗಳು ಮೋಟೆಬೆನ್ನೂರಿನ ಹನುಮಪ್ಪನ ಕಣದಲ್ಲಿ ನಸುಕಿಗೆ, ನೀರು ಹೊಡೆಯದೆ, ತೊಟ್ಟು ಬಿಡಿಸುತ್ತಾಳೆ. ಉಳಿದ ದಿನ ಮನೆಯಲ್ಲಿ ಹಳೆಬಟ್ಟೆಯ ಕೌದಿ ಹೊಲಿಯುತ್ತಾಳೆ.