ಜಪ್ತಿಯಾದ ಮನೆ

ಶಿಕಾರಿಪುರದ ಅಂಚಿನಲ್ಲಿ ಸರ್ಕಾರದ ಗೃಹ ಸಂಸ್ಥೆ ಕಟ್ಟಿಸಿದ ಮನೆಗಳಲ್ಲೊಂದು ನಮಗೆ ಮಂಜೂರಾಯಿತು. ಅಲ್ಲಿಯವರೆಗೆ ಬಾಡಿಗೆ ಮನೆ; ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಿತ್ತು. ಸಾಲ ಕೊಟ್ಟದ್ದೂ ಅದೇ ಸಂಸ್ಥೆ. ಕಂತು ಪೂರ್ತಿ ತೀರಿದ ಮೇಲೆ ಕ್ರಯಪತ್ರ ನಮ್ಮ ಹೆಸರಿಗೆ ಎಂಬುದು ಕರಾರು. ಒಕ್ಕಲಾದ ದಿನವೇ ನಮ್ಮ ಯಜಮಾನರು ಗೋಡೆ ತುಂಬ ಮೊಳೆ ಹೊಡೆದರು. ನೇತುಹಾಕಲು ನಮ್ಮ ಹತ್ತಿರ ಇದ್ದದ್ದು ಒಂದು ಕ್ಯಾಲೆಂಡರ್ ಮಾತ್ರ.

ಅವರು ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಒಂದು ಮಧ್ಯಾಹ್ನ ಅಲ್ಲೇ ಲಕ್ವಾ ಹೊಡೆದು ಬಿದ್ದರು. ಬಲಗೈ ಹೋಯಿತು, ಮಾತು ತೊದಲಿತು, ನೆನಪು ಕಲಸಿಹೋಯಿತು. ನನ್ನ ಹೊಲಿಗೆಯ ದುಡಿಮೆ ಔಷಧಿಗೇ ಸಾಲುತ್ತಿರಲಿಲ್ಲ, ಕಂತು ನಿಂತಿತು. ಕಚೇರಿಗೆ ಹೋಗಿ ಗಡುವು ಕೇಳಿದೆ, ಕೊಟ್ಟರು. ಮತ್ತೆ ಕೇಳಿದೆ, ಮತ್ತೆ ಕೊಟ್ಟರು. ಆಮೇಲೆ ಕೇಳಲು ನನಗೇ ಬಾಯಿ ಬರಲಿಲ್ಲ.

ಜಪ್ತಿಗೆ ಬಂದ ಬೆಳಿಗ್ಗೆ ಅತ್ತೆ ಒಲೆಯ ಮುಂದಿದ್ದರು. ಅಧಿಕಾರಿ ಒಳಗೆ ಇಣುಕಿ, "ಅನ್ನ ಆಗ್ಲಿ ಬಿಡ್ರಮ್ಮ, ಉಂಡೇ ಹೊರಡ್ರಿ. ನಾವು ಹೊರಗಿರ್ತೀವಿ" ಎಂದರು. ಕೆಟ್ಟ ಮನುಷ್ಯನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅತ್ತೆ ಅವರನ್ನೂ ಊಟಕ್ಕೆ ಕರೆದರು. ಅವರು ಬೇಡವೆಂದು ಬೀದಿಯ ಕಡೆ ತಿರುಗಿ ನಿಂತರು. ನಾವು ಮೂವರೂ ಉಂಡೆವು. ಹೊರಗೆ ಕಾಯುತ್ತಿದ್ದಾರಲ್ಲ ಎಂದು ಬೇಗ ಬೇಗ.

ಸೊರಬದಲ್ಲಿ ನನ್ನ ತಂಗಿಯ ಮನೆಯ ಹಿಂದಿನ ಕೋಣೆಗೆ ಬಂದೆವು. ಮೂವರು ಮಲಗುವಷ್ಟು ಜಾಗವಿರಲಿಲ್ಲ. ಅತ್ತೆ ಮಗಳ ಮನೆ ಸೇರಿದರು. ಶಿಕಾರಿಪುರದ ಮನೆ ಹರಾಜಾಯಿತೆಂದು ಆಮೇಲೆ ಯಾರೋ ಹೇಳಿದರು.

ಕಳೆದ ತಿಂಗಳು ಇವರನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಪೇಟೆಯಲ್ಲಿ ರಸ್ತೆ ಅಗೆದಿದ್ದರಿಂದ, ಬಸ್‌ಸ್ಟ್ಯಾಂಡಿಗೆ ಹೊರಟ ಆಟೊ ಸುತ್ತಿ ಬಳಸಿ ಆ ಬೀದಿಗೇ ಬಂತು. ಮನೆಗೆ ಹಸಿರು ಬಣ್ಣ ಬಳಿದಿದ್ದರು. ಒಬ್ಬ ಹೆಂಗಸು ಹೊರಗೆ ಕೂತು ಸೊಪ್ಪು ಸೋಸುತ್ತಿದ್ದಳು. ಇವರು ಎಡಗೈಯಿಂದ ಚಾಲಕನ ಭುಜ ತಟ್ಟಿದರು.

"ಇಲ್ಲೇ ನಿಲ್ಸಪ್ಪ. ಮನೆ ಬಂತು."

ಕಾಯಿಲೆ ಬಿದ್ದ ಮೇಲೆ ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿದ್ದೇ ಇಲ್ಲ. ಆಟೊ ನಿಂತಿತು. ಆ ಹೆಂಗಸು ತಲೆಯೆತ್ತಿ ನೋಡಿದಳು. ಇವರು ಇಳಿಯಲು ಕಾಲು ಚಾಚಿದರು. ನಾನು ತೋಳು ಹಿಡಿದುಕೊಂಡು, ಮುಂದೆ ಹೋಗುವಂತೆ ಚಾಲಕನಿಗೆ ಹೇಳಿದೆ.

"ನಮ್ಮನೆ ಕಣೇ" ಎಂದರು.

ನಾನು ಹಿಡಿದ ತೋಳು ಬಿಡಲಿಲ್ಲ. ಬಸ್ಸು ಸೊರಬ ಮುಟ್ಟುವವರೆಗೂ ಅವರು ನನ್ನ ಮುಖ ನೋಡಲಿಲ್ಲ.