ಹಾಲು ಕುಡಿದ ಗುಲಾಬಿಗಳು

ಸಿಮೆಂಟು-ಕಬ್ಬಿಣದ ಅಂಗಡಿಯನ್ನು ಮಗ ಬಸವಕುಮಾರನ ಕೈಗೆ ಕೊಟ್ಟ ಮೇಲೆ ಮಹಾರುದ್ರಪ್ಪನಿಗೆ ಬೈಯಲು ಹಮಾಲರು ಸಿಗದಂತಾದರು. ಹಾಗಾಗಿ ಓಣಿಯವರಿಗೆ ಬುದ್ಧಿ ಹೇಳುವ ಕೆಲಸ ಹಿಡಿದ. ಹುಮನಾಬಾದಿನ ಆ ಹೊಸ ಬಡಾವಣೆಯಲ್ಲಿ ಬೆಳಿಗ್ಗೆ ಹಾಲು ತರಲು ಹೊರಟವರು ಅವನ ಗೇಟಿನ ಮುಂದೆ ನಿಂತು ಭಾಷಣ ಕೇಳಿಯೇ ಮುಂದೆ ಹೋಗಬೇಕಿತ್ತು. ಮೊದಲು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿದ, ಆಮೇಲೆ ವಾಸ್ತುವಿನ ಬಗ್ಗೆ. ಬಸವಕಲ್ಯಾಣದ ನರ್ಸರಿಯಿಂದ ಗಿಡ ತಂದು ನೆಟ್ಟ ಮೇಲೆ ಗುಲಾಬಿಯ ಬಗ್ಗೆ ಶುರುವಾಯಿತು. ಆ ಹೂವನ್ನು ಊರಿಗೆ ತಾನೇ ಪರಿಚಯ ಮಾಡಿಸಿದೆನೆಂಬ ಬಿಂಕ ಅವನ ಮಾತಿನಲ್ಲಿರುತ್ತಿತ್ತು.

ಎದುರು ಮನೆ ದ್ರೌಪತಿಯದು. ದುಬಲಗುಂಡಿಯ ಕೂಲಿ ಮನೆತನದಲ್ಲಿ ಹುಟ್ಟಿ, ನರ್ಸ್ ಆಗಿ, ಬಸವಕಲ್ಯಾಣದ ಕಡೆ ಬಹಳ ವರ್ಷ ದುಡಿದು, ವರ್ಗವಾಗಿ ಬಂದು ಇಲ್ಲಿ ಮನೆ ಕಟ್ಟಿಸಿದ್ದಳು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅಂಗಳದ ತುಂಬ ಗುಲಾಬಿ. ಮಹಾರುದ್ರಪ್ಪನಿಗೆ ಮೊದಲನೆಯದನ್ನು ಸಹಿಸುವುದು ಕಷ್ಟವಾಗಿತ್ತು. ಎರಡನೆಯದನ್ನು ಸಹಿಸಲು ಆಗಲೇ ಇಲ್ಲ. ಅವನ ಹೂ ನಿಂಬೆಹಣ್ಣಿನಷ್ಟಾದರೆ ಅವಳದು ಅಂಗೈ ತುಂಬುತ್ತಿತ್ತು.

ದಸರೆ ಮುಗಿದು ಮಳೆ ಹಿಂದೆಗೆದ ಮೇಲೆ ದ್ರೌಪತಿ ಗಿಡಗಳಿಗೆ ನೀರು ನಿಲ್ಲಿಸುತ್ತಿದ್ದಳು. ಬುಡದ ಮಣ್ಣು ಸರಿಸಿ, ಬೇರು ಕೆಲವು ದಿನ ಬಿಸಿಲು ಕಾಣುವಂತೆ ಬಿಟ್ಟು, ಒಣಗಿದ ಮತ್ತು ಅಡ್ಡಾದಿಡ್ಡಿ ಬೆಳೆದ ಕೊಂಬೆಗಳನ್ನು ಕತ್ತರಿಸಿ, ಕತ್ತರಿಸಿದ ತುದಿಗೆ ಅರಿಶಿನ ಮೆತ್ತುತ್ತಿದ್ದಳು. ಆಮೇಲೆ ಹಳೆಯ ತಿಪ್ಪೆಗೊಬ್ಬರ, ಬೇವಿನ ಹಿಂಡಿ, ಎಲುಬಿನ ಪುಡಿ ಕಲಸಿ ಗುಂಡಿ ಮುಚ್ಚಿ ನೀರು ಹಾಯಿಸಿದರೆ ಚಳಿಗಾಲಕ್ಕೆ ಚಿಗುರು ಒಡೆಯುತ್ತಿತ್ತು. ಬಸವಕಲ್ಯಾಣದಲ್ಲಿದ್ದಾಗ ಸುಮಾರು ಗಿಡಗಳನ್ನು ಕೊಂದೇ ಇದನ್ನು ಕಲಿತಿದ್ದಳು.

ಎಲುಬಿನ ಪುಡಿಯ ಚೀಲ ಮಹಾರುದ್ರಪ್ಪನ ಕಣ್ಣಿಗೆ ಬಿತ್ತು. ಅವನಿಗೆ ಅಷ್ಟೇ ಬೇಕಾಗಿತ್ತು. ಅವಳ ಹೂ ದೊಡ್ಡದಾಗುವುದು ಸತ್ತ ದನದ ಎಲುಬು ತಿಂದು, ಅಂಥ ಹೂ ದೇವರ ಮುಂದೆ ಇಡಲು ಬಾರದು, ಮನೆಯೊಳಗೆ ತರಲೂ ಬಾರದು ಎಂದು ಓಣಿಯಲ್ಲೆಲ್ಲ ಹೇಳಿದ. ಎಲುಬು ಎಂಬ ಮಾತಿನ ಹಿಂದೆ ಅವನು ಹೇಳುತ್ತಿದ್ದುದು ಬೇರೆಯೇ ಎಂದು ಕೇಳಿದವರಿಗೆಲ್ಲ ಗೊತ್ತಿತ್ತು. ಕೆಲವರು ತಲೆಯಾಡಿಸಿದರು. ಹೂ ಕೇಳಿಕೊಂಡು ಬರುತ್ತಿದ್ದ ಹೆಂಗಸರು ಬರುವುದನ್ನು ಬಿಟ್ಟರು.

ದ್ರೌಪತಿಗೆ ಇದು ಹೊಸದಲ್ಲ. ಅವಳ ಕೈಯಿಂದ ಸೂಜಿ ಚುಚ್ಚಿಸಿಕೊಂಡು, ಅದೇ ಕೈಯ ನೀರು ಬೇಡವೆಂದವರನ್ನು ಅವಳು ಬಾಣಂತಿಯರ ವಾರ್ಡಿನಲ್ಲಿ ನೋಡಿದ್ದಳು. ಆಗ ಅಳು ಬರುತ್ತಿತ್ತು. ಈಗ ಈ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಅನ್ನಿಸಿತು. ಮಗಳು ಆಮ್ರಪಾಲಿ, ಹೋಗಿ ಕೇಳೋಣ ಎಂದರೆ, ಅವನ ಹತ್ತಿರ ಕೇಳುವಂಥದ್ದು ಏನೂ ಇಲ್ಲ ಎಂದು ಕತ್ತರಿ ಹಿಡಿದು ಅಂಗಳಕ್ಕೆ ನಡೆದಳು.

ಆ ವರ್ಷ ಮಹಾರುದ್ರಪ್ಪ ತನ್ನದೇ ಒಂದು ಸಿದ್ಧಾಂತ ಹುಟ್ಟಿಸಿದ. ದೇವರಿಗೆ ಏರುವ ಹೂವಿನ ಗಿಡ ದೇವರು ಉಣ್ಣುವುದನ್ನೇ ಉಣ್ಣಬೇಕು. ಎದುರು ಮನೆ ನೋಡಿ ಬೇರು ಬಿಡಿಸುವುದನ್ನಷ್ಟೇ ಕದ್ದು ಕಲಿತ. ಬಿಡಿಸಿದ ಬೇರಿಗೆ ಹಾಲು ಸುರಿದ, ಬೆಲ್ಲದ ನೀರು ಹೊಯ್ದ, ಬಾಳೆಹಣ್ಣು ಕಿವುಚಿ ಹಾಕಿದ, ಮೇಲೆ ತುಪ್ಪ ಬಿಟ್ಟ. ಹೆಂಡತಿ ಸೂಗಮ್ಮ ಚಹಾಕ್ಕೆ ಹಾಲು ಉಳಿದಿಲ್ಲವೆಂದಳು. ಕರಿ ಚಹಾ ಆರೋಗ್ಯಕ್ಕೆ ಎಷ್ಟು ಒಳ್ಳೆಯದೆಂದು ಅವಳಿಗೊಂದು ಭಾಷಣ ಸಿಕ್ಕಿತು. ಊರ ಪಕ್ಕದ ಮಾಣಿಕನಗರದ ಮಠಕ್ಕೆ ಹೋದವನು, ಈ ದತ್ತ ಜಯಂತಿಗೆ ಹಾಲು ಕುಡಿದು ಬೆಳೆದ ಗುಲಾಬಿಯ ಮಾಲೆ ತಾನೇ ತರುತ್ತೇನೆಂದು ಸಿಕ್ಕವರಿಗೆಲ್ಲ ಸಾರಿ ಬಂದ.

ಹಾಲು ಮಣ್ಣಿನಲ್ಲಿ ಕೊಳೆಯಿತು. ಬೆಲ್ಲಕ್ಕೆ ಇರುವೆ ಮುತ್ತಿದವು, ಅವುಗಳ ಹಿಂದೆ ಗೆದ್ದಲು ಬಂತು. ಅಂಗಳದ ನಾತಕ್ಕೆ ಹಾದಿಯವರು ಮೂಗು ಮುಚ್ಚಿಕೊಂಡರು. ಗಿಡ ಪವಿತ್ರವಾಗಾಕತ್ತದ ಎಂದು ಮಹಾರುದ್ರಪ್ಪ ಅವರಿಗೆ ವಿವರಿಸಿದ. ಚಳಿ ಬೀಳುವ ಹೊತ್ತಿಗೆ ಅವನ ಅಂಗಳದಲ್ಲಿ ಕಪ್ಪು ಕಡ್ಡಿಗಳು ನಿಂತಿದ್ದವು, ಎದುರಿಗೆ ದ್ರೌಪತಿಯ ಗಿಡಗಳು ಹೂವಿನ ಭಾರಕ್ಕೆ ಬಾಗಿದ್ದವು.

ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಅವನು ರಸ್ತೆ ದಾಟಿ ಅವಳ ಗೇಟಿಗೆ ಬಂದ. ಒಳಗೆ ಕಾಲಿಡಲಿಲ್ಲ. ಡ್ಯೂಟಿಗೆ ಹೊರಟಿದ್ದ ದ್ರೌಪತಿ ನಿಂತಳು.

"ಸಿಸ್ಟರ್, ನಮ್ಮ ಗಿಡಕ್ಕ ರೋಗ ಬಂದದ. ಒಂದು ಮಾಲಿಗಿ ಆಗೋವಷ್ಟು ಹೂವ ಬೇಕಾಗಿತ್ತು," ಎಂದ.

"ನಮ್ಮವು ಎಲುಬು ತಿಂದ ಹೂವ ಅವರಿ, ಸಾಹುಕಾರ್ರ. ನೀವೇ ಹೇಳೀರಿ."

"ತೊಳದ್ರ ಆಯ್ತು. ಯಾರಿಗೂ ಹೇಳಬ್ಯಾಡ್ರಿ, ಅಷ್ಟೇ."

ದ್ರೌಪತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ವಾರ್ಡಿನಲ್ಲಿ ಯಾರೋ ವಾಂತಿ ಮಾಡಿದರೂ ಅವಳು ಹಾಗೆ ಮುಖ ಸಿಂಡರಿಸುತ್ತಿರಲಿಲ್ಲ.

"ಎಷ್ಟು ಬೇಕು ಅಷ್ಟು ಕೊಯ್ಕೊಂಡು ಹೋಗ್ರಿ. ಮಠದಾಗ ಯಾರರೆ ಕೇಳಿದ್ರ, ದ್ರೌಪತಿ ಮನಿ ಹೂವ ಅಂತ ಹೇಳ್ರಿ. ಅಷ್ಟು ಹೇಳ್ತೀನಿ ಅಂದ್ರ ಗೇಟ್ ತಗೀತೀನಿ."

ಮಹಾರುದ್ರಪ್ಪ ಓಣಿಯ ಎರಡೂ ತುದಿ ನೋಡಿದ. ಯಾರೂ ಇರಲಿಲ್ಲ. ಸುಳ್ಳಿಗಾದರೂ ಹ್ಞೂಂ ಎಂದು ಹೂ ಒಯ್ಯಬಹುದಿತ್ತು. ಅವಳ ಹೆಸರು ಹೇಳುತ್ತೇನೆಂದು ಅವಳೆದುರು ಒಪ್ಪುವುದಕ್ಕೇ ಅವನ ನಾಲಿಗೆ ಏಳಲಿಲ್ಲ. ವಿಚಾರ ಮಾಡಿ ಹೇಳುತ್ತೇನೆಂದು ಗೊಣಗಿ ತಿರುಗಿದ. ದ್ರೌಪತಿ ಗೇಟಿಗೆ ಕೀಲಿ ಹಾಕಿ ಬಸ್ಸಿಗೆ ಹೋದಳು.

ಮರುದಿನ ಅವನು ಮಾಣಿಕನಗರದಲ್ಲಿ ಖಮರುದ್ದೀನನ ಹೂವಿನ ಬಂಡಿಯಿಂದ ಚೆಂಡುಹೂವಿನ ಮಾಲೆ ಕೊಂಡು ಒಯ್ದ. ಗುಲಾಬಿ ಎಲ್ಲಿ ಎಂದವರಿಗೆ, ಎದುರು ಮನೆಯವರ ದೃಷ್ಟಿ ತಗುಲಿತು ಎಂದ. ಒಬ್ಬ ಗೆಳೆಯ, ದೃಷ್ಟಿಯೋ ಹಾಲೋ ಎಂದು ಕೇಳಿ ನಕ್ಕ. ಅವನ ಭಾಷಣದ ಸುದ್ದಿಗಿಂತ ಬೇಗ ಅವನ ಅಂಗಳದ ನಾತದ ಸುದ್ದಿ ಅಲ್ಲಿಗೆ ಮುಟ್ಟಿತ್ತು.

ಅವನು ಮನೆಗೆ ಬಂದಾಗ ಸೂಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅವಳ ತುರುಬಿನಲ್ಲಿ ಅಂಗೈಯಗಲದ ಕೆಂಪು ಗುಲಾಬಿ. ಹಾಡುಹಗಲಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ಅವಳು ದ್ರೌಪತಿಯ ಮನೆಯೊಳಗೆ ಹೋಗಿ ಚಹಾ ಕುಡಿದು, ಹೂ ಕೇಳಿ ಮುಡಿದು ಬಂದಿದ್ದಳು. ಯಾರ ಹೂ ಎಂದು ಮಹಾರುದ್ರಪ್ಪ ಕೇಳಿದ.

"ಎದುರು ಮನೀದು. ಅಂಗಳ ಭಾಳ ನಾತ ಹೊಡ್ಯಾಕತ್ತದ, ಮೊದಲು ಅದನ್ನ ಬಳೀರಿ," ಎಂದಳು ಸೂಗಮ್ಮ.

ಅವನು ಬಳಿಯಲಿಲ್ಲ. ಬಸವಕುಮಾರ ಅಂಗಡಿಯಿಂದ ಆಳು ಕರೆಸಿ ಕೊಳೆತ ಮಣ್ಣು ಬಳಿಸಿ ತೆಗೆಸಿ, ಮೇಲೆ ಟೈಲ್ಸ್ ಹಾಕಿಸಿದ. ಹೂ ಬೇಕಾದ ಹೆಂಗಸರು ಒಬ್ಬೊಬ್ಬರಾಗಿ ದ್ರೌಪತಿಯ ಗೇಟಿಗೆ ಮರಳಿದರು. ಕೇಳಿದವರಿಗೆಲ್ಲ ಅವಳು ಹೂ ಕೊಯ್ದು ಕೊಟ್ಟಳು. ಆದರೆ ಈಗ ಒಳಗೆ ಕರೆದು ಕೂರಿಸುತ್ತಿದ್ದುದು ಸೂಗಮ್ಮನನ್ನು ಮಾತ್ರ.

ಮಹಾರುದ್ರಪ್ಪ ಈಗಲೂ ಗೇಟಿನಲ್ಲೇ ಇರುತ್ತಾನೆ. ಯಾವ ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಯಾವುದರ ಮೇಲೆ ಜಾರುವುದಿಲ್ಲ ಎಂದು ಹಾಲು ತರುವವರನ್ನು ನಿಲ್ಲಿಸಿ ತಿಳಿಸುತ್ತಾನೆ.